ಗಣಿತದಲ್ಲಿ ನಪಾಸಾದವಳು ಬ್ಯಾಂಕಿಗೆ ಹೋಗಬಹುದೇ?

2025ರ ಮೇ 2ರಂದು ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ನೆಟ್‌ವರ್ಕ್ ಸಿಗಲೆಂದು ಅಬ್ಬಾನ ಮೊಬೈಲ್ ಹಿಡಿದು ಮಾಳಿಗೆ ಹತ್ತಿದ್ದೆ. ಐದು ವಿಷಯ ಪಾಸಾಗಿತ್ತು. ಗಣಿತದ ಬರವಣಿಗೆಯಲ್ಲಿ ಮಾತ್ರ 80ಕ್ಕೆ 19. ಪಾಸಾಗಲು 28 ಬೇಕಿತ್ತು. ಕೆಳಗಿನಿಂದ ಅಮ್ಮಿ "ಕಿತ್ತೆ ಆಯೆ?" ಎಂದು ಕೂಗಿ ಕೇಳಿದರು. ಎಷ್ಟು ಬಂತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. "ನೆಟ್‌ವರ್ಕ್ ಇಲ್ಲ" ಎಂದು ಸುಳ್ಳು ಹೇಳಿ ಅರ್ಧ ತಾಸು ಮಾಳಿಗೆಯ ಮೇಲೆಯೇ ಕುಳಿತೆ.

ಅವತ್ತು ಅಳು ಬಂದದ್ದು ನಪಾಸಾದದ್ದಕ್ಕಲ್ಲ. ಎಂಟನೇ ತರಗತಿಯಿಂದ ನಾನು ಮನೆಯಲ್ಲಿ ಎಲ್ಲರಿಗೂ "ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ" ಎಂದು ಹೇಳಿಕೊಂಡು ಬಂದಿದ್ದೆ. ಆ ಮಾತು ಮುಗಿದೇ ಹೋಯಿತು ಎಂದು ಅಳು ಬಂತು. ನಮ್ಮ ತರಗತಿಯಲ್ಲಿ ನನ್ನ ಹಾಗೆಯೇ ಯೋಚಿಸುವ ಇನ್ನೂ ಕೆಲವರು ಇದ್ದಾರೆಂದು ನನಗೆ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಗಳಗನಾಥ. ಊರಿನ ಹೆಸರು ಹೇಳಿದರೆ ನಮ್ಮ ಕನ್ನಡ ಮೇಡಂ ಕಾದಂಬರಿಕಾರ ಗಳಗನಾಥರನ್ನು ನೆನೆಯುತ್ತಾರೆ. ವರದಾ ನದಿ ಬಂದು ತುಂಗಭದ್ರೆಯನ್ನು ಸೇರುವುದು ಇಲ್ಲಿಯೇ. ಅಬ್ಬಾ ಒಂದು ಗೂಡ್ಸ್ ಗಾಡಿ ಓಡಿಸುತ್ತಾರೆ. ಸೀಜನ್ನಿನಲ್ಲಿ ರೈತರ ಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುತ್ತಾರೆ. ಅಮ್ಮಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ, ಒಂದು ಸ್ವಸಹಾಯ ಸಂಘದಲ್ಲಿ ಇದ್ದಾರೆ.

ಬ್ಯಾಂಕಿನ ಆಸೆ ಹುಟ್ಟಿದ್ದು ಆ ಸಂಘದಿಂದ. ಎಂಟನೇ ತರಗತಿಯಲ್ಲಿದ್ದಾಗ ಸಂಘದ ಹಣ ಕಟ್ಟಲು ಅಮ್ಮಿಯ ಜೊತೆ ಬ್ಯಾಂಕಿಗೆ ಹೋಗಿದ್ದೆ. ಚಲನ್ ತುಂಬಲು ಬಾರದ ನಾಲ್ಕೈದು ಹೆಂಗಸರು ನನ್ನ ಕೈಗೆ ಕಾಗದ ಕೊಟ್ಟರು. ತುಂಬಿ ಕೊಟ್ಟೆ. ಕೌಂಟರಿನ ಆಚೆ ಕುಳಿತಿದ್ದ ಮೇಡಂ ಒಬ್ಬ ಅಜ್ಜಿಯ ಹತ್ತಿರ ಕನ್ನಡದಲ್ಲಿ, ಅಮ್ಮಿಯ ಹತ್ತಿರ ಉರ್ದುವಿನಲ್ಲಿ ಮಾತಾಡಿದರು. ಯಾರ ಮೇಲೂ ಸಿಡುಕಲಿಲ್ಲ. ಆ ಅಜ್ಜಿ ಸೆರಗಿನ ಗಂಟು ಬಿಚ್ಚಿ ನೋಟು ತೆಗೆಯುವ ತನಕ ಸುಮ್ಮನೆ ಕಾದರು. ಮನೆಗೆ ಬಂದು ನಾನು ಅಮ್ಮಿಗೆ, "ಆ ಗಾಜಿನ ಆಚೆ ನಾನು ಕೂರುತ್ತೇನೆ" ಎಂದೆ.

ಹಾಗಾದರೆ ಗಣಿತ ಎಲ್ಲಿ ಕೈ ಕೊಟ್ಟಿತು? ಇದನ್ನು ನಾನು ಬಹಳ ಯೋಚಿಸಿದ್ದೇನೆ. ಏಳನೇ ತರಗತಿಯ ತನಕ ನಾನು ಹಾವೇರಿಯಲ್ಲಿ ನಾನಿಯ ಮನೆಯಲ್ಲಿದ್ದು ಉರ್ದು ಶಾಲೆಯಲ್ಲಿ ಕಲಿತೆ. ಅಲ್ಲಿ ಕೂಡುವುದು ಜಮಾ, ಕಳೆಯುವುದು ತಫ್ರೀಖ್, ಗುಣಿಸುವುದು ಜರ್ಬ್, ಭಾಗಿಸುವುದು ತಖ್ಸೀಮ್. ತ್ರಿಭುಜಕ್ಕೆ ಮುಸಲ್ಲಸ್. ನಾನಿ ತೀರಿಹೋದ ಮೇಲೆ ಊರಿಗೆ ಬಂದು ಎಂಟನೇ ತರಗತಿಗೆ ಕನ್ನಡ ಮಾಧ್ಯಮ ಸೇರಿದೆ. ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ ಎಂದರೆ ಏನೆಂದು ತಿಳಿಯುವಷ್ಟರಲ್ಲಿ ತರಗತಿ ಎರಡು ಪಾಠ ಮುಂದೆ ಹೋಗಿತ್ತು. ಲೆಕ್ಕ ಗೊತ್ತಿದ್ದರೂ ಪ್ರಶ್ನೆ ಏನು ಕೇಳುತ್ತಿದೆ ಎಂದು ಗೊತ್ತಾಗುತ್ತಿರಲಿಲ್ಲ. ಕೇಳಲು ನಾಚಿಕೆ. ಒಂದು ಸಲ ಕೈ ಎತ್ತಿ ಕೇಳಿದಾಗ ಹಿಂದಿನ ಬೆಂಚಿನವರು ನಕ್ಕರು. ಆಮೇಲೆ ಕೈ ಎತ್ತಲಿಲ್ಲ. ಎರಡು ವರ್ಷ ಬೋರ್ಡಿನ ಮೇಲಿದ್ದದ್ದನ್ನು ಅಂದವಾಗಿ ನಕಲು ಮಾಡಿಕೊಂಡೆ, ಅಷ್ಟೇ. ನನ್ನ ನೋಟ್‌ಬುಕ್ ತರಗತಿಯಲ್ಲೇ ಚೆನ್ನಾಗಿತ್ತು, ತಲೆಯಲ್ಲಿ ಏನೂ ಇರಲಿಲ್ಲ.

ತಪ್ಪು ಭಾಷೆಯದ್ದೇ ಎಂದು ನಾನು ಹೇಳುವುದಿಲ್ಲ. ನನ್ನ ಹಾಗೆಯೇ ಉರ್ದು ಶಾಲೆಯಿಂದ ಬಂದ ಒಬ್ಬಳು 80 ದಾಟಿದಳು. ಅವಳು ಕೇಳುತ್ತಿದ್ದಳು, ನಾನು ಕೇಳಲಿಲ್ಲ.

ಮೇ ಕೊನೆಯಲ್ಲಿ ಪರೀಕ್ಷೆ-2 ಬರೆದೆ. ಅದಕ್ಕೆ ಮೊದಲು ಮೂರು ವಾರ ಪಕ್ಕದ ಮನೆಯ ಆಪಾ ದಿನಾ ಸಂಜೆ ಕೂರಿಸಿಕೊಂಡು ಹೇಳಿಕೊಟ್ಟರು. ಬರವಣಿಗೆಯಲ್ಲಿ 30 ಬಂತು. ಆಂತರಿಕ ಅಂಕ ಸೇರಿ 44. ಪಾಸಾದೆ. ಆದರೆ ಅಂಕಪಟ್ಟಿಯಲ್ಲಿ ಗಣಿತದ ಮುಂದೆ ಆ 44 ಯಾವಾಗಲೂ ಇರುತ್ತದೆ. ಕಾಮರ್ಸ್ ತೆಗೆದುಕೊಳ್ಳುತ್ತೇನೆ ಎಂದಾಗ ಓಣಿಯಲ್ಲಿ ಒಬ್ಬರು, "ಗಣಿತದಾಗ ನಪಾಸ್ ಆದಾಕಿ ಬ್ಯಾಂಕಿಗೆ ಹೊಂಟಾಳ" ಎಂದು ನಕ್ಕರು. ಅಬ್ಬಾ ಏನೂ ಹೇಳಲಿಲ್ಲ. ಅರ್ಜಿಗೆ ಸಹಿ ಹಾಕಿದರು.

ಕಾಲೇಜಿಗೆ ಬಂದ ಮೊದಲ ತಿಂಗಳು ಎರಡು ಸಂಗತಿ ನಡೆದವು. ಮೊದಲನೆಯದು ಲೆಕ್ಕಶಾಸ್ತ್ರದ ತರಗತಿಯಲ್ಲಿ. ಸರ್ ಬೋರ್ಡಿನ ಮೇಲೆ ಜಮಾ, ಖರ್ಚು, ಬಾಕಿ, ನಗದು, ರಸೀದಿ, ವಸೂಲಿ ಎಂದು ಬರೆದರು. ನಾನು ಒಂದು ಕ್ಷಣ ಹಾಗೇ ನೋಡಿದೆ. ಇವೆಲ್ಲ ನಮ್ಮ ಮನೆಯ ಮಾತುಗಳು! ಕನ್ನಡದ ಅಂಗಡಿಯಲ್ಲೂ ಕಚೇರಿಯಲ್ಲೂ ಎಷ್ಟೋ ಕಾಲದಿಂದ ಅವು ಕನ್ನಡದ ಮಾತುಗಳೇ ಆಗಿವೆ. ಹೈಸ್ಕೂಲಿನ ಗಣಿತದಲ್ಲಿ ಹೊರಗಿನವಳ ಹಾಗೆ ಕುಳಿತಿದ್ದ ನನಗೆ ಇಲ್ಲಿ ಕೂರಲು ಜಾಗ ಸಿಕ್ಕಿತು ಅನಿಸಿತು.

ಎರಡನೆಯದು, ನಾನು ಧೈರ್ಯ ಮಾಡಿ ಸ್ಟಾಫ್ ರೂಮಿಗೆ ಹೋಗಿ ಸರ್ ಅವರನ್ನು ಕೇಳಿದ್ದು. "ಸರ್, ಎಸ್ಸೆಸ್ಸೆಲ್ಸಿ ಗಣಿತದಲ್ಲಿ 44 ಬಂದವರು ಬ್ಯಾಂಕ್ ಪರೀಕ್ಷೆ ಬರೆಯಬಹುದಾ?" ಅವರು ನಗಲಿಲ್ಲ. ಬ್ಯಾಂಕ್ ಕ್ಲರ್ಕ್ ನೇಮಕಾತಿಯ ಹಳೆಯ ಅಧಿಸೂಚನೆಯೊಂದನ್ನು ತೆಗೆದು ನನ್ನ ಮುಂದಿಟ್ಟು, "ನೀನೇ ಓದಿ ಹೇಳವಾ, ಎಲ್ಲಿ ಬರೆದದ ಗಣಿತದ ಮಾರ್ಕ್ಸ್?" ಎಂದರು. ಓದಿದೆ. ಯಾವುದೇ ವಿಷಯದಲ್ಲಿ ಪದವಿ. ವಯಸ್ಸು 20ರಿಂದ 28, ಮೀಸಲಾತಿ ಇದ್ದವರಿಗೆ ಸಡಿಲಿಕೆ. ಕಂಪ್ಯೂಟರ್ ತಿಳಿವಳಿಕೆ. ಅರ್ಜಿ ಹಾಕುವ ರಾಜ್ಯದ ಭಾಷೆ ಓದಲು, ಬರೆಯಲು, ಮಾತಾಡಲು ಬರಬೇಕು. ಹತ್ತನೇ ತರಗತಿಯ ಗಣಿತದ ಅಂಕ ಎಲ್ಲಿಯೂ ಇರಲಿಲ್ಲ.

ನನ್ನ ಮುಖ ಅರಳಿದ್ದನ್ನು ನೋಡಿ ಸರ್ ಇನ್ನೊಂದು ಪುಟ ತಿರುಗಿಸಿದರು. ಕ್ಲರ್ಕ್ ಹುದ್ದೆಯ ಪೂರ್ವಭಾವಿ ಪರೀಕ್ಷೆಯಲ್ಲಿ 100 ಪ್ರಶ್ನೆ, ಒಂದು ತಾಸು. ಇಂಗ್ಲಿಷ್ 30, ತಾರ್ಕಿಕ ಸಾಮರ್ಥ್ಯ 35, ಸಂಖ್ಯಾ ಸಾಮರ್ಥ್ಯ 35. ಒಂದೊಂದಕ್ಕೂ 20 ನಿಮಿಷ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಅಂದರೆ ಹಳೆಯ ಅಂಕಪಟ್ಟಿ ಯಾರೂ ಕೇಳುವುದಿಲ್ಲ, ಆದರೆ ಲೆಕ್ಕವನ್ನು ಹೊಸದಾಗಿ ಕೇಳುತ್ತಾರೆ. ಗಣಿತ ಬೇಡ ಎಂದು ಓಡಿಹೋಗಲು ಅಲ್ಲಿ ದಾರಿಯಿಲ್ಲ. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟಂಟ್ ಹುದ್ದೆಗಂತೂ ಪೂರ್ವಭಾವಿಯಲ್ಲಿ ಇಂಗ್ಲಿಷ್ ಇಲ್ಲ, ತಾರ್ಕಿಕ 40, ಸಂಖ್ಯಾ ಸಾಮರ್ಥ್ಯ 40. ಅರ್ಧಕ್ಕೆ ಅರ್ಧ ಲೆಕ್ಕವೇ.

ಸರ್ ಒಂದು ಅಭ್ಯಾಸ ಪತ್ರಿಕೆ ಕೊಟ್ಟು, "20 ನಿಮಿಷ ಇಟ್ಟುಕೊಂಡು ಮಾಡಿ ಬಾ" ಎಂದರು. 15 ಪ್ರಶ್ನೆ ಮಾಡಿದೆ. ಆರು ಸರಿ, ಒಂಬತ್ತು ತಪ್ಪು. ಒಂಬತ್ತು ತಪ್ಪಿಗೆ 2.25 ಹೋಗಿ ಉಳಿದದ್ದು 3.75. ಅದನ್ನು ತೋರಿಸಲು ಎರಡು ದಿನ ಹೋಗಲಿಲ್ಲ. ತೋರಿಸಿದಾಗ ಅವರು ಅಂಕ ನೋಡಲೇ ಇಲ್ಲ. ಪ್ರಶ್ನೆಗಳನ್ನು ತೋರಿಸಿ, "ಇದರಾಗ ಪ್ರಮೇಯ ಎಲ್ಲಿ ಅದ? ತ್ರಿಕೋನಮಿತಿ ಎಲ್ಲಿ ಅದ?" ಎಂದು ಕೇಳಿದರು. ನಿಜ, ಇರಲಿಲ್ಲ. ಇದ್ದದ್ದು ಶೇಕಡಾವಾರು, ಅನುಪಾತ, ಲಾಭ-ನಷ್ಟ, ಬಡ್ಡಿ, ಸರಾಸರಿ, ಕೆಲಸ ಮತ್ತು ಕಾಲ, ಸಂಖ್ಯಾ ಸರಣಿ, ಕೋಷ್ಟಕ ನೋಡಿ ಉತ್ತರಿಸುವ ಪ್ರಶ್ನೆಗಳು. ಹೆಚ್ಚಿನವು ಏಳೆಂಟನೇ ತರಗತಿಯವು. ಕಷ್ಟ ಇರುವುದು ವೇಗದಲ್ಲಿ.

ಆ ವೇಗ ನಮ್ಮ ಮನೆಯಲ್ಲೇ ಇತ್ತು ಎಂದು ಆಮೇಲೆ ಗೊತ್ತಾಯಿತು. ಅಬ್ಬಾ ಓದಿದ್ದು ನಾಲ್ಕನೇ ತರಗತಿ. ಒಂದು ದಿನ ಯಾರೋ ರೈತರು ಬಾಡಿಗೆ ಲೆಕ್ಕ ಕೇಳಿದರು. 23 ಚೀಲ, ಚೀಲಕ್ಕೆ 45 ರೂಪಾಯಿ. ನಾನು ಪೆನ್ನು ಹುಡುಕುತ್ತಿದ್ದೆ. ಅಬ್ಬಾ ಗಾಡಿಯ ಬಾಗಿಲು ಹಾಕುತ್ತಲೇ, "ಇಪ್ಪತ್ತಕ್ಕ ಒಂಬೈನೂರು, ಮೂರಕ್ಕ ನೂರಾ ಮೂವತ್ತೈದು. ಸಾವಿರದ ಮೂವತ್ತೈದು" ಎಂದರು. ಸರ್ ನಮಗೆ ಕಲಿಸುತ್ತಿದ್ದದ್ದೂ ಅದೇ ರೀತಿ: ದೊಡ್ಡ ಸಂಖ್ಯೆಯನ್ನು ಒಡೆದು ಗುಣಿಸಿ ಕೂಡುವುದು. ನಮ್ಮ ಹಿರಿಯರು ಸವಾ, ದೀಡ, ಅಡೀಚ ಎಂದು ಬಾಯಲ್ಲೇ ಮಾಡುತ್ತಿದ್ದ ಲೆಕ್ಕಕ್ಕೇ ಬ್ಯಾಂಕ್ ಪರೀಕ್ಷೆ 20 ನಿಮಿಷ ಕೊಟ್ಟು ಕೂರಿಸುತ್ತದೆ.

ಅಂದಿನಿಂದ ಬಸ್ಸಿನಲ್ಲಿ ಅಭ್ಯಾಸ ಶುರು ಮಾಡಿದೆ. ಶಕ್ತಿ ಯೋಜನೆ ಇರುವುದರಿಂದ ಬಸ್ಸಿನ ಖರ್ಚಿಲ್ಲ. ಊರಿನಿಂದ ಹಾವೇರಿಗೆ ಬರುವಾಗ ಒಂದು ತಾಸಿನ ಮೇಲೆ ಸಿಗುತ್ತದೆ, ಸೀಟು ಸಿಗದಿದ್ದರೂ ಬಾಯಿ ಖಾಲಿ ಇರುತ್ತದೆ. 25ರ ತನಕ ಮಗ್ಗಿ, 30ರ ತನಕ ವರ್ಗ, ಶೇಕಡಾವಾರನ್ನು ಭಿನ್ನರಾಶಿ ಮಾಡುವುದು. ಶೇ. 12.5 ಎಂದರೆ ಎಂಟರಲ್ಲಿ ಒಂದು, ಶೇ. 20 ಎಂದರೆ ಐದರಲ್ಲಿ ಒಂದು. ಉರ್ದುವಿನ ಫೀಸದಿ, ಕನ್ನಡದ ಶೇಕಡಾ, ಎರಡಕ್ಕೂ ನೂರಕ್ಕೆ ಇಷ್ಟು ಎಂದೇ ಅರ್ಥ. ಮೂರು ವರ್ಷ ನನ್ನನ್ನು ಹೆದರಿಸಿದ್ದು ಇಷ್ಟು ಸಣ್ಣ ಮಾತು.

ಈ ಅಭ್ಯಾಸ ಮೊದಲು ಉಪಯೋಗಕ್ಕೆ ಬಂದದ್ದು ಯಾವ ಪರೀಕ್ಷೆಯಲ್ಲೂ ಅಲ್ಲ, ನಮ್ಮ ಮನೆಯಲ್ಲಿ.

2024ರ ಜುಲೈಯಲ್ಲಿ ಗಾಡಿಯ ಎಂಜಿನ್ ಕೆಟ್ಟಾಗ ಅಬ್ಬಾ ಒಬ್ಬರಿಂದ 40,000 ರೂಪಾಯಿ ಸಾಲ ತಂದಿದ್ದರು. "ಮೂರು ರೂಪಾಯಿ ಬಡ್ಡಿ." ನಮ್ಮ ಕಡೆ ಎಲ್ಲರೂ ಹೀಗೇ ಹೇಳುತ್ತಾರೆ, ಕೇಳಲು ಬಹಳ ಕಡಿಮೆ ಅನಿಸುತ್ತದೆ. ಬಡ್ಡಿ ಕೊಡುವುದು ಅಬ್ಬಾಗೆ ಮನಸ್ಸಿಗೆ ಸರಿಯಿರಲಿಲ್ಲ. ಆದರೆ ಗಾಡಿ ನಿಂತರೆ ಮನೆ ನಿಲ್ಲುತ್ತದೆ. ಸೆಪ್ಟೆಂಬರಿನ ಒಂದು ರಾತ್ರಿ ಬಡ್ಡಿಯ ಪಾಠ ಓದುತ್ತಾ ಕುಳಿತಿದ್ದಾಗ ಆ ಮೂರು ರೂಪಾಯಿ ನೆನಪಾಯಿತು. ನೂರಕ್ಕೆ ತಿಂಗಳಿಗೆ ಮೂರು. ವರ್ಷಕ್ಕೆ ಶೇ. 36. ತಿಂಗಳಿಗೆ 1,200 ರೂಪಾಯಿ. 14 ತಿಂಗಳಲ್ಲಿ ಅಬ್ಬಾ ಕೊಟ್ಟದ್ದು 16,800 ರೂಪಾಯಿ. ಅಸಲು ಇನ್ನೂ 40,000, ಒಂದು ರೂಪಾಯಿಯೂ ಇಳಿದಿಲ್ಲ. ಎರಡು ಸಲ ಮಾಡಿ ನೋಡಿದೆ. ತಪ್ಪಿರಲಿಲ್ಲ.

ಅಮ್ಮಿಯ ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ, ಅದೂ ಉಳಿದ ಅಸಲಿನ ಮೇಲೆ ಮಾತ್ರ. ಅಲ್ಲಿ 40,000 ತೆಗೆದು ತಿಂಗಳಿಗೆ 2,000 ಅಸಲು ಕಟ್ಟಿದರೆ ಮೊದಲ ತಿಂಗಳ ಬಡ್ಡಿ 400, ಎರಡನೇ ತಿಂಗಳು 380, ಮೂರನೇ ತಿಂಗಳು 360. ಹೀಗೆ 20 ಇಳಿಯುತ್ತಾ ಇಪ್ಪತ್ತನೇ ತಿಂಗಳಿಗೆ 20. ಬರೆದದ್ದನ್ನು ನೋಡಿ ನಾನೇ ಬೆರಗಾದೆ. ಇದು ಸಮಾಂತರ ಶ್ರೇಢಿ! ಹತ್ತನೇ ತರಗತಿಯಲ್ಲಿ ನನಗೆ ಒಂದೂ ಅಂಕ ಕೊಡದ ಪಾಠ. ಮೊದಲ ಪದ 400, ಕೊನೆಯ ಪದ 20, ಪದಗಳು 20. ಮೊತ್ತ 4,200. ಇಪ್ಪತ್ತು ತಿಂಗಳಿಗೆ ಇಲ್ಲಿ ಒಟ್ಟು ಬಡ್ಡಿ 4,200, ಸಾಲವೂ ಮುಗಿಯುತ್ತದೆ. ಅಲ್ಲಿ ಇಪ್ಪತ್ತು ತಿಂಗಳಿಗೆ 24,000, ಸಾಲ ಹಾಗೇ ಇರುತ್ತದೆ.

ಬೆಳಿಗ್ಗೆ ಅಬ್ಬಾಗೆ ಕಾಗದ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಈಗ ತಿಂಗಳಿಗೆ 1,200. ಹೀಗೆ ಮಾಡಿದರೆ 2,400 ಆಗ್ತದಲ್ಲ, ಬೇಟಿ?" ಎಂದರು. ಅದೂ ನಿಜವೇ. ಲೆಕ್ಕದ ಪುಸ್ತಕದಲ್ಲಿ ಈ ಪ್ರಶ್ನೆ ಇರುವುದಿಲ್ಲ. ನಾನು, "1,200 ಯಾವತ್ತೂ ಮುಗಿಯುವುದಿಲ್ಲ ಅಬ್ಬಾ. 2,400 ತಿಂಗಳು ತಿಂಗಳು ಇಳಿಯುತ್ತದೆ, 20 ತಿಂಗಳಿಗೆ ಮುಗಿಯುತ್ತದೆ" ಎಂದೆ. ಅಮ್ಮಿ ಒಳಗಿನಿಂದ, ಹೊಲಿಗೆಯ ದುಡ್ಡಿನಲ್ಲಿ ಅರ್ಧ ನಾನು ಕೊಡುತ್ತೇನೆ ಎಂದರು. ಹಳೆಯ ಸಾಲ ತೀರಿತು. ಅಕ್ಟೋಬರಿನಿಂದ ಜನವರಿಯ ತನಕ ಸಂಘಕ್ಕೆ ನಾಲ್ಕು ಕಂತು ಕಟ್ಟಿದ್ದೇವೆ. ಇನ್ನು 32,000 ಇದೆ. ಮುಂದಿನ ಬಡ್ಡಿ 320. ಆ ಪಟ್ಟಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ, ಕಂತು ಕಟ್ಟಿದ ದಿನ ಅಮ್ಮಿ ಒಂದು ಗೆರೆ ಎಳೆಯುತ್ತಾರೆ.

ನಮ್ಮ ಸಂಬಂಧಿಕರಲ್ಲಿ ಒಬ್ಬರು ಬೇರೆ ಪ್ರಶ್ನೆ ಕೇಳಿದ್ದಾರೆ. ಬ್ಯಾಂಕ್ ಎಂದರೆ ಬಡ್ಡಿ, ಆ ಕೆಲಸ ನಮಗೆ ಸರಿಯೇ? ಇದರಲ್ಲಿ ಹಿರಿಯರಲ್ಲೇ ಭಿನ್ನಾಭಿಪ್ರಾಯ ಇದೆ. ತೀರ್ಪು ಹೇಳುವಷ್ಟು ದೊಡ್ಡವಳು ನಾನಲ್ಲ, ತಿಳಿದವರನ್ನು ಕೇಳಿಯೇ ಮುಂದೆ ಹೋಗುತ್ತೇನೆ. ಆದರೆ ಒಂದು ಸಂಗತಿ ನನಗೆ ಧೈರ್ಯ ಕೊಟ್ಟಿದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್ ಅವರು ಊರಿನ ಇತರರೊಂದಿಗೆ ಸೇರಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಕಟ್ಟಿದರು. ಮುಂದೆ ಅದು ಕಾರ್ಪೊರೇಷನ್ ಬ್ಯಾಂಕ್ ಆಯಿತು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಮೊದಲ ದಿನದ ಕೊನೆಗೆ ಅವರ ಬಳಿ ಸೇರಿದ್ದು 38 ರೂಪಾಯಿ, 13 ಆಣೆ, 2 ಪೈ. ಅಷ್ಟರಿಂದ ಅಷ್ಟು ದೊಡ್ಡದಾಯಿತು. ನನ್ನ ಮೊದಲ ಅಂಕ 3.75 ಇದ್ದಾಗ ಈ ಲೆಕ್ಕವನ್ನು ನೆನೆಸಿಕೊಂಡೆ.

ನಮ್ಮ ಕಡೆಯ ಬ್ಯಾಂಕಿನ ಕಥೆಯೂ ಇದೆ. ನಮ್ಮೂರಿನ ವರದಾ ನದಿಯ ಹೆಸರಿನಲ್ಲಿ ಹಿಂದೆ ಒಂದು ಗ್ರಾಮೀಣ ಬ್ಯಾಂಕ್ ಇತ್ತು. 2005ರಲ್ಲಿ ಅದು ಇನ್ನೂ ಮೂರು ಬ್ಯಾಂಕುಗಳೊಡನೆ ಸೇರಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಂದು ಅದೂ ಸೇರಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಗಿದೆ, ಬಳ್ಳಾರಿಯಲ್ಲಿ ಪ್ರಧಾನ ಕಚೇರಿ. ನಾನು ಮಾಳಿಗೆಯಲ್ಲಿ ಅತ್ತದ್ದು ಅದರ ಮರುದಿನ. ಹಳ್ಳಿಯ ಶಾಖೆಯಲ್ಲಿ ಕನ್ನಡವೂ ಉರ್ದುವೂ ಬರುವವರು ಬೇಕು. ಅದು ನನ್ನ ಬಳಿ ಇದೆ. ಕ್ಲರ್ಕ್ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸಬೇಕೆಂದು 2021ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೇಳಿದ ಮೇಲೆ ಪ್ರಶ್ನೆ ಅರ್ಥವಾಗಲಿಲ್ಲ ಎಂಬ ಹಳೆಯ ನೆಪವೂ ನನಗಿಲ್ಲ. ಇಂಗ್ಲಿಷ್ ವಿಭಾಗ ಮಾತ್ರ ಇದ್ದೇ ಇರುತ್ತದೆ. ಅದಕ್ಕೂ ಓದಬೇಕು.

ಸುಳ್ಳು ಭರವಸೆ ಕೊಡಲು ನಾನು ಇದನ್ನು ಬರೆಯುತ್ತಿಲ್ಲ. ಗಣಿತ ದುರ್ಬಲವಿದ್ದರೆ ಕೆಲವು ಬಾಗಿಲು ನಿಜವಾಗಿಯೂ ಕಷ್ಟ. ಸಂಖ್ಯಾಶಾಸ್ತ್ರಜ್ಞರ ಹುದ್ದೆ, ವಿಮೆಯ ಅಪಾಯ ಲೆಕ್ಕ ಹಾಕುವ ಹುದ್ದೆಗಳಿಗೆ ಗಟ್ಟಿ ಗಣಿತ ಬೇಕೇ ಬೇಕು. ಬ್ಯಾಂಕ್ ಅಧಿಕಾರಿ ಹುದ್ದೆಯ ಮುಖ್ಯ ಪರೀಕ್ಷೆಯ ಲೆಕ್ಕ ಕ್ಲರ್ಕ್ ಪರೀಕ್ಷೆಗಿಂತ ಕಠಿಣ. ಆದರೆ ಕ್ಲರ್ಕ್ ಆಗಿ ಸೇರಿದವರಿಗೆ ಒಳಗಿನಿಂದ ಬಡ್ತಿಯ ದಾರಿ ಇದೆ. ಕೌಂಟರಿನಲ್ಲಿ ಬಡ್ಡಿ ಲೆಕ್ಕ ಹಾಕುವುದು ಕಂಪ್ಯೂಟರ್. ಮನುಷ್ಯರು ಮಾಡಬೇಕಾದದ್ದು ನೋಟು ಎಣಿಸುವುದು, ಸಹಿ ಹೋಲಿಸುವುದು, ಖಾತೆ ಸಂಖ್ಯೆಯ ಒಂದು ಅಂಕಿಯೂ ತಪ್ಪದಂತೆ ನೋಡುವುದು, ಎದುರಿಗಿರುವ ಅಜ್ಜಿಯ ಮಾತು ಕೇಳುವುದು.

ನನ್ನ ಹಾಗೆ ಇರುವವರಿಗೆ ನಾನು ಹೇಳುವುದು ಮೂರೇ ಮಾತು. ಒಂದು, ಅಧಿಸೂಚನೆಯನ್ನು ನೀವೇ ಓದಿ, ಓಣಿಯವರ ಮಾತು ನಂಬಬೇಡಿ. ಎರಡು, ಎಂಟನೇ ತರಗತಿಯ ಪುಸ್ತಕದಿಂದ ಶುರು ಮಾಡಲು ನಾಚಬೇಡಿ, ನಾನು ತಮ್ಮನ ಪುಸ್ತಕ ತೆಗೆದುಕೊಂಡೆ. ಮೂರು, ತಿಳಿಯದಿದ್ದರೆ ಕೈ ಎತ್ತಿ. ನಕ್ಕವರು ನಾಳೆ ನಿಮ್ಮ ಪರೀಕ್ಷೆ ಬರೆಯಲು ಬರುವುದಿಲ್ಲ.

ಕಳೆದ ವಾರ ಮತ್ತೆ 20 ನಿಮಿಷ ಇಟ್ಟುಕೊಂಡು ಅದೇ ಮಾದರಿಯ ಪತ್ರಿಕೆ ಮಾಡಿದೆ. 16 ಸರಿ, 4 ತಪ್ಪು. ಒಂದು ಅಂಕ ಹೋಗಿ 15. ಇನ್ನೂ ಸಾಲದು ಎಂದು ನನಗೆ ಗೊತ್ತು. ಪಿಯುಸಿ ಮುಗಿಯಬೇಕು, ಬಿ.ಕಾಂ. ಮುಗಿಯಬೇಕು, ವಯಸ್ಸು 20 ಆಗಬೇಕು. ಸಮಯ ಇದೆ. ಈ ಸಲ ಅಮ್ಮಿ "ಕಿತ್ತೆ ಆಯೆ?" ಎಂದು ಕೇಳಿದಾಗ ತಕ್ಷಣ ಹೇಳಿದೆ. "ಪಂದ್ರಾ." 35ಕ್ಕೆ ಹದಿನೈದು ಎಂದರೆ ಕಡಿಮೆಯಲ್ಲವೇ ಎಂದು ಅವರು ಕೇಳಿದರು. ಹೌದು, ಕಡಿಮೆಯೇ. ಆದರೆ ಜುಲೈಯಲ್ಲಿ ಅದು 3.75 ಇತ್ತು ಎಂದೆ. ಅಮ್ಮಿ ಹೊಲಿಗೆ ಯಂತ್ರ ನಿಲ್ಲಿಸಿ, "ಹಾಗಾದರೆ ನಾಲ್ಕು ಪಟ್ಟು ಆಯಿತಲ್ಲ" ಎಂದರು. ಅಮ್ಮಿಯೂ ಬಾಯಲ್ಲೇ ಲೆಕ್ಕ ಮಾಡುತ್ತಾರೆ.